ಕಾಟ್ ಹೋಯಿತು, ಕಾಟ ಬಂತು

ಕಾಟ್ ಅನ್ನುವ ಪದದಲ್ಲಿ ಒಂದು ತಮಾಷೆ ಇದೆ. ದೊಡ್ಡವರು ಮಲಗುವ ಮಂಚಕ್ಕೂ ಕಾಟ್ ಅನ್ನುತ್ತೇವೆ, ಸುತ್ತ ಕಂಬಿ ಇರುವ ಮಗುವಿನ ಹಾಸಿಗೆಗೂ ಕಾಟ್ ಅನ್ನುತ್ತೇವೆ. ಇಂಗ್ಲಿಷಿನವರು ಹಿಂದಿಯ ಖಾಟ್ ಅನ್ನು ಎತ್ತಿಕೊಂಡು ಹೋಗಿ, ಅದಕ್ಕೆ ಕಂಬಿ ಕಟ್ಟಿ, ನಮಗೇ ವಾಪಸ್ ಕೊಟ್ಟರು. ಹಾಗಾಗಿ "ಪುಟ್ಟೀನ ಕಾಟ್‌ನಿಂದ ಕಾಟ್‌ಗೆ ಹಾಕ್ತಿದೀವಿ" ಅಂತ ನಾನು ಹೇಳಿದಾಗ ಕೇಳಿದವರು ಮುಖ ಮುಖ ನೋಡಿಕೊಂಡರು. ಆ ಪದದ ಕೊನೆಗೆ ಒಂದು 'ಅ' ಸೇರಿಸಿದರೆ ಸಿಗುವ ಮೂರನೆಯ ಅರ್ಥ ನನಗೆ ಗೊತ್ತಾಗಿದ್ದು ಆಮೇಲೆ.

ಪುಟ್ಟಿಗೆ ಆಗ ಎರಡು ವರ್ಷ ಒಂಬತ್ತು ತಿಂಗಳು. ಹಗಲಿನ ಪಾಟಿ ಟ್ರೈನಿಂಗ್ ಒಂದು ಹದಕ್ಕೆ ಬಂದಿತ್ತು. ಮೊದಲು "ಸುಸ್ಸು" ಅಂತ ಆದ ಮೇಲೆ ಹೇಳುತ್ತಿದ್ದಳು. ಆಮೇಲೆ ಆಗುತ್ತಿರುವಾಗ ಹೇಳತೊಡಗಿದಳು. ಕೊನೆಗೊಂದು ದಿನ ಆಗುವ ಮುಂಚೆ ಹೇಳಿದಳು. ಭೂತ, ವರ್ತಮಾನ, ಭವಿಷ್ಯತ್. ಕಾಲಗಳನ್ನು ಇಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟ್ರೂ ಕಲಿಸಿರಲಿಲ್ಲ.

ದೊಡ್ಡವರ ಕಮೋಡ್ ಮೇಲೆ ಒಂದು ಚಿಕ್ಕ ಸೀಟು, ಕೆಳಗೆ ಒಂದು ಸ್ಟೂಲು. ಸ್ಟೂಲು ಹತ್ತೋದಕ್ಕೆ ಅಂತ ನಾನು ತಿಳಿದಿದ್ದೆ. ಅಷ್ಟೇ ಅಲ್ಲ, ಕಾಲು ಇಡೋದಕ್ಕೂ ಅದೇ ಬೇಕು. ಕಾಲು ನೇತಾಡುತ್ತಿದ್ದರೆ ಮಗು ಬೀಳದ ಹಾಗೆ ಮೈಯೆಲ್ಲ ಬಿಗಿ ಹಿಡಿದು ಕೂತಿರುತ್ತದೆ, ಕೆಳಗಿನ ಸ್ನಾಯುಗಳೂ ಬಿಗಿಯಾಗೇ ಇರುತ್ತವೆ, ಪೂರ್ತಿ ಖಾಲಿಯಾಗೋದಿಲ್ಲ. ಪಾದ ಊರಿದರೆ ಎಲ್ಲ ಸಡಿಲ. ಹಾಗಾಗಿ ದಿನಕ್ಕೆ ಎಂಟು ಹತ್ತು ಸಲ ನನ್ನದು ಒಂದೇ ಮಂತ್ರ: "ಕಾಲು ಸ್ಟೂಲ್ ಮೇಲೆ ಇಡು." ಕೆಲಸ ಮುಗಿದ ಮೇಲೆ ಚಪ್ಪಾಳೆ. ಒಬ್ಬರು ಉಚ್ಚೆ ಹೊಯ್ದದ್ದಕ್ಕೆ ಇನ್ನಿಬ್ಬರು ಕೆಲಸ ಬಿಟ್ಟು ಓಡಿ ಬಂದು ಚಪ್ಪಾಳೆ ತಟ್ಟುವ ಕಾಲ ಮನುಷ್ಯನ ಬದುಕಿನಲ್ಲಿ ಒಂದೇ ಒಂದು ಸಲ ಬರುತ್ತದೆ. ಅವಳು ಅದನ್ನು ಚೆನ್ನಾಗಿಯೇ ಅನುಭವಿಸಿದಳು.

ತೊಂದರೆ ಶುರುವಾಗಿದ್ದು ಒಂದು ಬೆಳಗಿನ ಜಾವ. ಕಂಬಿ ಹಿಡಿದು ನಿಂತು "ಅಮ್ಮಾ, ಸುಸ್ಸು" ಅಂತ ಕೂಗಿದಳು. ನನಗೆ ಎಚ್ಚರವಾಗಿ, ಚಪ್ಪಲಿ ಹುಡುಕಿ, ಅದು ಸಿಗದೆ ಬರಿಗಾಲಲ್ಲಿ ಓಡಿ ತಲುಪುವ ಹೊತ್ತಿಗೆ ಭವಿಷ್ಯತ್ ಕಾಲ ಭೂತಕಾಲವಾಗಿತ್ತು. ಅವಳು ಅಳಲಿಲ್ಲ. ಸುಮ್ನೆ ನನ್ನ ಮುಖ ನೋಡಿದಳು. ನಾನು ಹೇಳಿದೆ ತಾನೇ, ಅನ್ನುವ ನೋಟ. ನಿಜ, ಹೇಳಿದ್ದಳು. ಹೇಳಬೇಕಾದ ಹೊತ್ತಿಗೇ ಹೇಳಿದ್ದಳು. ಹಗಲೆಲ್ಲ "ಬಂದ ತಕ್ಷಣ ಓಡು" ಅಂತ ಕಲಿಸಿ, ರಾತ್ರಿ ಬಾಗಿಲೇ ಇಲ್ಲದ ಪೆಟ್ಟಿಗೆಯಲ್ಲಿ ಮಲಗಿಸಿದರೆ ಮಗು ಏನು ಮಾಡಬೇಕು?

ಕಾಟ್ ತೆಗೆಯೋಣ ಅಂತ ನಾನಂದೆ. ತಗೊಳ್ಳಿ, ಸಲಹೆಗಳ ಮಳೆ. ಒಂದು ಗುಂಪು "ಒಂದೇ ಸಲ ಎರಡೆರಡು ಬದಲಾವಣೆ ಬೇಡ. ಪಾಟಿ ಮುಗಿಯಲಿ, ಆಮೇಲೆ ಹಾಸಿಗೆ" ಅಂದಿತು. ಇನ್ನೊಂದು ಗುಂಪು "ಎದ್ದು ಹೋಗೋಕೆ ದಾರಿಯೇ ಇಲ್ಲದಿದ್ರೆ ಪಾಟಿ ಮುಗಿಯೋದು ಹೇಗೆ?" ಅಂದಿತು. ಎರಡೂ ಸರಿ ಅನ್ನಿಸಿತು. ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ಇದೇ ಕಷ್ಟ. ತಪ್ಪು ಸಲಹೆ ಆದರೆ ತಳ್ಳಿಹಾಕಬಹುದು, ಎರಡು ಸರಿಯಾದ ಸಲಹೆ ಒಂದಕ್ಕೊಂದು ಅಡ್ಡ ನಿಂತರೆ ಏನು ಮಾಡೋದು?

ಕೊನೆಗೆ ತೀರ್ಮಾನ ಮಾಡಿದ್ದು ಪುಟ್ಟಿಯೇ. ಒಂದು ಮಧ್ಯಾಹ್ನ ಇಣುಕಿದೆ. ಒಂದು ಕಾಲು ಕಂಬಿಯ ಮೇಲೆ, ಹೊಟ್ಟೆ ಅಂಚಿನ ಮೇಲೆ, ತಲೆ ಆಚೆ ಕಡೆ. ನನ್ನ ಜೀವ ಬಾಯಿಗೆ ಬಂತು. ಹಾಸಿಗೆಯನ್ನು ಆಗಲೇ ಕೊನೆಯ ತೂತಿನವರೆಗೂ ಇಳಿಸಿದ್ದೆವು, ಇನ್ನು ಇಳಿಸಲು ಜಾಗವಿರಲಿಲ್ಲ. ಟೇಪ್ ಹಿಡಿದು ಅಳೆದೆವು. ಮಗುವಿನ ಎತ್ತರ 35 ಇಂಚು, ಅಂದರೆ 89 ಸೆಂಟಿಮೀಟರ್ ಮುಟ್ಟಿದರೆ, ಇಲ್ಲವೇ ನಿಂತಾಗ ಕಂಬಿಯ ಅಂಚು ಎದೆಗಿಂತ ಕೆಳಗೆ ಬಂದರೆ ಕಾಟ್ ಬಿಡಿಸಿ ಅನ್ನುವುದು ಮಕ್ಕಳ ಡಾಕ್ಟರ್‌ಗಳ ಲೆಕ್ಕ. ನಮ್ಮವಳು ಎರಡರಲ್ಲೂ ಪಾಸ್. ಅಂದೇ ಸಂಜೆ ಇವರು ಸ್ಕ್ರೂ ಬಿಚ್ಚಿದರು. ಜೋಡಿಸಲು ಒಂದು ಇಡೀ ಭಾನುವಾರ ಹಿಡಿದಿದ್ದ ಕಾಟ್ ಬಿಚ್ಚಲು ಇಪ್ಪತ್ತು ನಿಮಿಷ ಸಾಕಾಯಿತು.

ಮೊದಲ ತಿಂಗಳು ಮಂಚವೂ ಬೇಡ ಅಂದುಕೊಂಡು ಹಾಸಿಗೆಯನ್ನು ನೆಲಕ್ಕೇ ಹಾಕಿದೆವು. ಬಿದ್ದರೂ ಅಂಗೈಯಷ್ಟು ಎತ್ತರದಿಂದ ಬೀಳಲಿ. ಗೋಡೆಗೂ ಹಾಸಿಗೆಗೂ ನಡುವೆ ಮಗು ಜಾರಿ ಸಿಕ್ಕಿಕೊಳ್ಳುವಂಥ ಸಂದು ಬಿಡಬಾರದು, ಅದನ್ನೂ ನೋಡಿದೆವು. ಆಮೇಲೆ ಮಂಡಿಯೂರಿ ಅವಳ ಎತ್ತರದಿಂದ ರೂಮನ್ನು ನೋಡಿದಾಗ ಗೊತ್ತಾಯಿತು, ನಾವು ಕಾಟ್ ತೆಗೆದಿರಲಿಲ್ಲ, ಇಡೀ ರೂಮನ್ನೇ ಕಾಟ್ ಮಾಡಿದ್ದೆವು. ಕಪಾಟಿನ ಡ್ರಾಯರ್‌ಗಳು ಮೆಟ್ಟಿಲಿನ ಹಾಗೆ ಕಂಡವು. ಎಳೆದು ಹತ್ತಿದರೆ ಕಪಾಟೇ ಮೈಮೇಲೆ ಬರುತ್ತದೆ. ಅದನ್ನು ಗೋಡೆಗೆ ಬಿಗಿದೆವು. ಕಿಟಕಿ, ಪ್ಲಗ್ಗು, ಕರ್ಟನ್ನಿನ ದಾರ. ಬಾತ್‌ರೂಮಿನ ದಾರಿಗೆ ಒಂದು ಮಂದ ದೀಪ.

ಮೊದಲ ರಾತ್ರಿ ನಮ್ಮಿಬ್ಬರಿಗೆ ನಿದ್ದೆಯಿಲ್ಲ. ಅವಳು ಗಡದ್ದಾಗಿ ಮಲಗಿದಳು. ಹೋಗಿ ನೋಡಿದರೆ ಅಷ್ಟುದ್ದದ ಹಾಸಿಗೆಯ ಒಂದು ಮೂಲೆಯಲ್ಲಿ, ಹಳೆಯ ಕಾಟ್‌ನಷ್ಟೇ ಜಾಗದಲ್ಲಿ, ಮುದುಡಿಕೊಂಡಿದ್ದಾಳೆ. ಇಲ್ಲದ ಕಂಬಿಗೆ ಬೆನ್ನು ಕೊಟ್ಟು ಮಲಗಿದ್ದಳು. ಮೂರು ರಾತ್ರಿ ಹೀಗೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಹೇಳುತ್ತದೆ. ಇವಳು ಹಾಸಿಗೆ ಇದ್ದೂ ಚಾಚುತ್ತಿಲ್ಲವಲ್ಲ ಅಂತ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು.

ನಾಲ್ಕನೆಯ ರಾತ್ರಿ ಅವಳಿಗೆ ಗೊತ್ತಾಯಿತು. ಕಂಬಿ ಇಲ್ಲ!

ಎದ್ದು ಓಡಾಡಲಿ ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು? ಓಡಾಡಿದಳು. ಒಂದು ರಾತ್ರಿ ನಮ್ಮ ರೂಮಿನ ಬಾಗಿಲಲ್ಲಿ ಕಾಲೊರಸಿನ ಮೇಲೆ ಮಲಗಿ ಸಿಕ್ಕಿದಳು. ಇನ್ನೊಂದು ರಾತ್ರಿ ಊಟದ ಮೇಜಿನ ಕೆಳಗೆ. ಮತ್ತೊಂದು ರಾತ್ರಿ ಡ್ರಾಯರ್ ಎಳೆದು ಮನೆಯವರ ಕಾಲುಚೀಲವನ್ನೆಲ್ಲ ಕೈಗೆ ಹಾಕಿಕೊಂಡು ಕೂತಿದ್ದಳು. ಮನೆಯಲ್ಲಿ ಅವಳು ರಾತ್ರಿ ಹೊತ್ತು ಹೋಗದ ಜಾಗ ಒಂದೇ: ಬಾತ್‌ರೂಮ್.

ಮಾತಿಲ್ಲದೆ, ಬೈಯದೆ, ಮುದ್ದೂ ಮಾಡದೆ ಸುಮ್ಮನೆ ವಾಪಸ್ ಕರೆದುಕೊಂಡು ಹೋಗಿ ಮಲಗಿಸಬೇಕಂತೆ. ಮಾತಾಡಿದರೆ ಅದೇ ಒಂದು ಬಹುಮಾನವಾಗುತ್ತದೆ. ಒಂದು ರಾತ್ರಿ ಇವರು ಹನ್ನೊಂದು ಸಲ ಕರೆದುಕೊಂಡು ಹೋದರು. ಲೆಕ್ಕ ಇಟ್ಟಿದ್ದೂ ಅವರೇ, ಬೆಳಿಗ್ಗೆ ಹೇಳಿಕೊಂಡಿದ್ದೂ ಅವರೇ. ಕಾಟ್ ಇದ್ದಾಗ "ಇಲ್ಲಿಂದ ಆಚೆ ಹೋಗಬೇಡ" ಅನ್ನುವ ಮಾತನ್ನು ಕಂಬಿ ರಾತ್ರಿಯಿಡೀ ನಮ್ಮ ಪರವಾಗಿ ಹೇಳುತ್ತಿತ್ತು. ಈಗ ಆ ಕೆಲಸ ನಮ್ಮ ತಲೆಗೆ ಬಂದಿತ್ತು. ಮೂರು ವರ್ಷದ ಹತ್ತಿರಕ್ಕೆ ಬರುವವರೆಗೂ ಕಾಟ್ ಬಿಡಿಸೋಕೆ ಅವಸರ ಮಾಡಬೇಡಿ ಅಂತ ತಿಳಿದವರು ಹೇಳುವುದು ಇದಕ್ಕೇ. ಕಣ್ಣಿಗೆ ಕಾಣದ ಗೆರೆ ದಾಟಬಾರದು ಅನ್ನುವುದು ಅದಕ್ಕಿಂತ ಚಿಕ್ಕ ಮಕ್ಕಳ ತಲೆಗೆ ಹೋಗೋದೇ ಕಷ್ಟ.

ಇನ್ನು ಹಾಸಿಗೆ. ಅದು ನೆನೆಯುತ್ತಲೇ ಇತ್ತು. ಕಂಬಿಯಿಂದಾಗಿ ನೆನೆಯುತ್ತಿದೆ ಅನ್ನುವ ನನ್ನ ವಾದ ಒಂದು ವಾರದಲ್ಲಿ ಬಿದ್ದುಹೋಯಿತು. ಆ ಬೆಳಗಿನ ಜಾವ ಎಚ್ಚರವಾಗಿ ಕೂಗಿದ್ದು ಅಪರೂಪ. ಉಳಿದ ದಿನ ಅವಳಿಗೆ ಎಚ್ಚರವೇ ಆಗುತ್ತಿರಲಿಲ್ಲ. ಒದ್ದೆಯಲ್ಲೇ ಸುಖವಾಗಿ ಮಲಗಿರುತ್ತಿದ್ದಳು. ಆಗ ನಾನು ಓದಿಕೊಂಡೆ, ಮಕ್ಕಳ ಡಾಕ್ಟರನ್ನೂ ಕೇಳಿದೆ. ಹಗಲಿನದು ಕಲಿಯುವ ವಿಷಯ, ರಾತ್ರಿಯದು ಬೆಳೆಯುವ ವಿಷಯ. ನಮಗೆಲ್ಲ ರಾತ್ರಿ ಹೊತ್ತು ಮೆದುಳಿನಿಂದ ವಾಸೊಪ್ರೆಸಿನ್ ಅನ್ನುವ ಹಾರ್ಮೋನ್ ಜಾಸ್ತಿ ಬಂದು, ಕಿಡ್ನಿಗಳಿಗೆ ಬೆಳಗಿನವರೆಗೂ ಕೆಲಸ ನಿಧಾನ ಮಾಡಿ ಅನ್ನುತ್ತದೆ. ಎಷ್ಟೋ ಪುಟ್ಟ ಮಕ್ಕಳಲ್ಲಿ ಈ ರಾತ್ರಿ ಪಾಳಿ ಇನ್ನೂ ಸರಿಯಾಗಿ ಶುರುವಾಗಿರುವುದಿಲ್ಲ. ಮೂತ್ರಕೋಶವೂ ಚಿಕ್ಕದು. ವಯಸ್ಸನ್ನು 30ರಿಂದ ಗುಣಿಸಿ, ಮೇಲೆ ಇನ್ನೊಂದು 30 ಸೇರಿಸಿದರೆ ಅದು ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಅನ್ನುವ ಅಂದಾಜು ಸಿಗುತ್ತದೆ. ಮೂರು ವರ್ಷಕ್ಕೆ 120. ಒಂದು ಸಣ್ಣ ಲೋಟ. ಮೂರನೆಯದಾಗಿ, ಲೋಟ ತುಂಬಿತು ಅನ್ನುವ ಸುದ್ದಿ ಆ ಗಾಢ ನಿದ್ದೆಯನ್ನು ದಾಟಿ ಮೆದುಳಿಗೆ ಮುಟ್ಟಬೇಕು. ಈ ಮೂರರಲ್ಲಿ ಒಂದೂ ಚಪ್ಪಾಳೆಗೆ ಬಗ್ಗುವಂಥದ್ದಲ್ಲ. ಗದರಿಸಿದರಂತೂ ಇಲ್ಲವೇ ಇಲ್ಲ.

ಐದು ವರ್ಷ ತುಂಬುವವರೆಗೆ ಇದನ್ನು ತೊಂದರೆ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ಆಗಲೂ ಹಾಸಿಗೆ ಒದ್ದೆ ಮಾಡುತ್ತಾರೆ. ಇದು ವಂಶದಲ್ಲೂ ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದಿದ್ದರೆ ಮಗುವಿಗೂ ಬರುವ ಸಾಧ್ಯತೆ 100ಕ್ಕೆ 40ರ ಮೇಲೆ, ಇಬ್ಬರಿಗೂ ಇದ್ದಿದ್ದರೆ 70ರ ಮೇಲೆ. ಇದನ್ನು ನಾನು ಗಟ್ಟಿಯಾಗಿ ಓದಿ ಹೇಳಿದಾಗ ಇವರಿಗೆ ಇದ್ದಕ್ಕಿದ್ದಂತೆ ಯಾವುದೋ ಮುಖ್ಯವಾದ ಫೋನ್ ಮಾಡೋದು ನೆನಪಾಯಿತು. ನಾನೂ ಒಂದು ಫೋನ್ ಮಾಡಿದೆ, ಅತ್ತೆಗೆ. ಅವರು ಏನೂ ಹೇಳಲಿಲ್ಲ. ಬರೀ ನಕ್ಕರು. ತುಂಬಾ ಹೊತ್ತು ನಕ್ಕರು.

ನಾವು ಮಲಗುವ ಮುಂಚೆ ಅವಳನ್ನು ನಿದ್ದೆಯಲ್ಲೇ ಎತ್ತಿಕೊಂಡು ಹೋಗಿ ಕೂರಿಸುವ ಉಪಾಯವನ್ನೂ ನೋಡಿದೆವು. ತಲೆ ನನ್ನ ಹೆಗಲ ಮೇಲೆ, ಕಣ್ಣು ಮುಚ್ಚಿ, ಬಾಯಿ ತೆರೆದು, ಮೂಟೆಯ ಹಾಗೆ ಕೂತು ಕೆಲಸ ಮುಗಿಸುತ್ತಿದ್ದಳು. ಬೆಡ್‌ಶೀಟ್ ಒಣಗಿರುತ್ತಿತ್ತು, ನಿಜ. ಆದರೆ ಅದರಲ್ಲಿ ಅವಳು ಕಲಿತದ್ದೇನು? ನಿದ್ದೆಯಲ್ಲಿ ಉಚ್ಚೆ ಹೊಯ್ಯುವುದನ್ನು. ಅದು ಅವಳಿಗೆ ಮೊದಲೇ ಬರುತ್ತಿತ್ತು.

ಹಾಗಾಗಿ ರಾತ್ರಿ ಡೈಪರ್ ವಾಪಸ್ ಬಂತು. ಅದರ ಹೆಸರು ಮಾತ್ರ ರಾತ್ರಿ ಚಡ್ಡಿ ಅಂತಾಯಿತು, ಏಕೆಂದರೆ "ಡೈಪರ್ ಪಾಪುಗೆ, ನಾನು ಪಾಪು ಅಲ್ಲ" ಅಂತ ಅವಳು ಹಟ ಹಿಡಿದಳು. ಸರಿ, ಹೆಸರಿನಲ್ಲೇನಿದೆ. ಅವಳಿಗೆ ಬೇಡವೆನ್ನಿಸಿದ ದಿನಗಳಿಗೆ ಒಂದು ಏರ್ಪಾಡು ಮಾಡಿಕೊಂಡೆ. ಇದನ್ನು ಕಂಡುಹಿಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಹಾಸಿಗೆಯ ಮೇಲೆ ನೀರು ಇಳಿಯದ ಶೀಟು, ಅದರ ಮೇಲೆ ಬೆಡ್‌ಶೀಟು, ಅದರ ಮೇಲೆ ಮತ್ತೊಂದು ನೀರು ಇಳಿಯದ ಶೀಟು, ಅದರ ಮೇಲೆ ಮತ್ತೊಂದು ಬೆಡ್‌ಶೀಟು. ನಡುರಾತ್ರಿ ಮೇಲಿನ ಎರಡನ್ನು ಎಳೆದು ಬಿಸಾಕಿದರೆ ಕೆಳಗೆ ಒಣ ಹಾಸಿಗೆ ಸಿದ್ಧ. ಲೈಟ್ ಹಾಕೋದು ಬೇಡ, ಕಪಾಟು ತೆಗೆಯೋದು ಬೇಡ. ಕಣ್ಣು ಪೂರ್ತಿ ಬಿಡದೆಯೂ ಈ ಕೆಲಸ ಆಗುತ್ತದೆ. ಇವರೂ ಮಾಡಬಲ್ಲರು.

ಇಷ್ಟಾದರೂ ಮಲಗುವಾಗ ನಾನು ಹೇಳುವುದನ್ನು ಬಿಟ್ಟಿರಲಿಲ್ಲ. "ಎಚ್ಚರ ಆದ್ರೆ ಎದ್ದು ಬಂದು ಅಮ್ಮನ ಹತ್ರ ಹೇಳು, ಆಯ್ತಾ?" ಅವಳು ದಿನಾ ತಲೆಯಾಡಿಸುತ್ತಿದ್ದಳು.

ಒಂದು ರಾತ್ರಿ ಯಾರೋ ನನ್ನನ್ನೇ ನೋಡುತ್ತಿರುವ ಹಾಗೆ ಅನ್ನಿಸಿ ಕಣ್ಣು ಬಿಟ್ಟೆ. ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಒಂದು ಮುಖ. ನಾನು ಕಿರುಚದೇ ಇದ್ದದ್ದು ಪುಣ್ಯ.

"ಅಮ್ಮಾ."

"ಏನು ಪುಟ್ಟಿ? ಸುಸ್ಸು ಬಂತಾ?" ನಾನು ಹೊದಿಕೆ ತಳ್ಳಿ ಎದ್ದೇಬಿಟ್ಟೆ.

"ಇಲ್ಲ" ಅಂದಳು, ಗಂಭೀರವಾಗಿ. "ಬಂದಿಲ್ಲ."

"ಮತ್ತೆ?"

"ಹೇಳು ಅಂದ್ಯಲ್ಲ."

ಗಡಿಯಾರ ನೋಡಿದೆ. ಎರಡೂ ಕಾಲು. ಎಚ್ಚರವಾದರೆ ಎದ್ದು ಬಂದು ಹೇಳು ಅಂದಿದ್ದೆ. ಅವಳಿಗೆ ಎಚ್ಚರವಾಗಿತ್ತು, ಎದ್ದು ಬಂದಿದ್ದಳು, ಹೇಳಿದ್ದಳು. ಏನು ಹೇಳಬೇಕು ಅಂತ ನಾನು ಬಿಡಿಸಿ ಹೇಳಿರಲಿಲ್ಲ. ರಾತ್ರಿ ಚಡ್ಡಿ ಮುಟ್ಟಿ ನೋಡಿದೆ. ಒಣಗಿಯೇ ಇತ್ತು.

ಅಷ್ಟು ಎಚ್ಚರವಾದ ಮೇಲೆ ಬಾತ್‌ರೂಮಿಗೆ ಹೋಗಬೇಕಾದದ್ದು ನನಗೆ. "ಇಲ್ಲೇ ಇರು" ಅಂದರೆ ಕೇಳುವವಳೇ? ನೈಟಿಯ ತುದಿ ಹಿಡಿದು ಮಂದ ದೀಪದ ದಾರಿಯಲ್ಲಿ ನನ್ನ ಹಿಂದೆಯೇ ಬಂದಳು. ನಾನು ಕೂತೆ. ಅವಳು ಒಂದು ಕ್ಷಣ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೂಲೆಗೆ ಹೋಗಿ ಸ್ಟೂಲನ್ನು ಕರಕರ ಎಳೆದುಕೊಂಡು ಬಂದು ನನ್ನ ಮುಂದೆ ಇಟ್ಟಳು.

"ಕಾಲು ಸ್ಟೂಲ್ ಮೇಲೆ ಇಡು" ಅಂದಳು.

ಇಟ್ಟೆ. ಮುಗಿದ ಮೇಲೆ ಚಪ್ಪಾಳೆ ತಟ್ಟಿದಳು. ಪಕ್ಕದ ರೂಮಿನಿಂದ ಇವರು ನಿದ್ದೆಗಣ್ಣಲ್ಲೇ ಕೂಗಿ ಕೇಳಿದರು, "ಏನು, ಮಾಡಿದ್ಲಾ?"

"ಮಾಡಿದ್ಲು" ಅಂತ ಪುಟ್ಟಿ ಕೂಗಿ ಹೇಳಿದಳು. "ಅಮ್ಮ ಮಾಡಿದ್ಲು!"