ಸ್ಪಷ್ಟನೆ: ಯುವಿ ಫಿಲ್ಟರ್ ಸೂರ್ಯನಿಂದ ಕಣ್ಣು ಕಾಯುವುದಿಲ್ಲ

ನಂದಿಬೆಟ್ಟಕ್ಕೆ ಕ್ಯಾಮೆರಾ ಹೊತ್ತು ಹೋಗುವವರಿಗೆಂದು ಚಿಕ್ಕಬಳ್ಳಾಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಲೆನ್ಸ್‌ಗೆ ಯುವಿ ಫಿಲ್ಟರ್ ಹಾಕಿದರೆ ಸಾಕು, ಯಾವ ಹೊತ್ತಿನಲ್ಲಾದರೂ ಸೂರ್ಯನ ಚಿತ್ರ ತೆಗೆಯಬಹುದು." ಇದು ತಪ್ಪು, ಅಪಾಯಕಾರಿ ಕೂಡ.

ಯುವಿ ಫಿಲ್ಟರ್ ತಡೆಯುವುದು ಅತಿನೇರಳೆ ಕಿರಣಗಳನ್ನು ಮಾತ್ರ. ಕಣ್ಣಿಗೆ ಕಾಣುವ ಬೆಳಕನ್ನು ಬಹುಪಾಲು ಹಾಗೆಯೇ ಒಳಗೆ ಬಿಡುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಮೂಲಕ ಬಂದ ಬೆಳಕೇ ಕನ್ನಡಿಯಿಂದ ಪ್ರತಿಫಲಿಸಿ ವ್ಯೂಫೈಂಡರ್‌ನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಕಣ್ಣಿಗೆ ಬೀಳುತ್ತದೆ. ದೂರದ್ದನ್ನು ಹತ್ತಿರ ತೋರುವ ಟೆಲಿಫೋಟೊ ಲೆನ್ಸ್ ಆದರಂತೂ ಕಾಗದ ಸುಡುವ ಭೂತಗನ್ನಡಿಯೇ ಸರಿ. ಕಣ್ಣಿನೊಳಗಿನ ಅಕ್ಷಿಪಟಲಕ್ಕೆ (ರೆಟಿನಾ) ನೋವು ತಿಳಿಯದು, ಹಾಗಾಗಿ ಪೆಟ್ಟು ಬಿದ್ದದ್ದು ಆಗಲೇ ಗೊತ್ತಾಗುವುದಿಲ್ಲ. ಕನ್ನಡಿಯಿಲ್ಲದೆ ಪರದೆಯಲ್ಲೇ ಚಿತ್ರ ತೋರುವ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕಣ್ಣು ಉಳಿದರೂ ಚಿತ್ರ ಹಿಡಿಯುವ ಸೆನ್ಸರ್ ಸುಡಬಹುದು.

ಮೇಲೇರಿದ ಸೂರ್ಯನಿಗೆ ಬೇಕಾದದ್ದು ಸೋಲಾರ್ ಫಿಲ್ಟರ್. 5.0 ಸಾಂದ್ರತೆಯದು (ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ) 1,00,000ದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ. ಅದನ್ನು ಲೆನ್ಸ್‌ನ ಮುಂದೆಯೇ ಕೂರಿಸಬೇಕು. ದಿಗಂತದ ಮಂಜಿನಲ್ಲಿ ಕೆಂಪಗೆ ಮೂಡುವ ಸೂರ್ಯನಿಗೆ ಅಗಲ ನೋಟದ ವೈಡ್ ಲೆನ್ಸ್ ಇದ್ದರೆ ಫಿಲ್ಟರ್ ಬೇಕಿಲ್ಲ. ಹಿಂಬದಿಯ ಪರದೆ ನೋಡಿ ತೆಗೆಯಿರಿ. ಯುವಿ ಫಿಲ್ಟರ್ ಎಸೆಯಬೇಕಾಗಿಲ್ಲ, ಧೂಳು, ಗೀರುಗಳಿಂದ ಗಾಜು ಕಾಯಲು ಅದು ಒಳ್ಳೆಯದೇ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.