ಕಾಸಿಗೆ ತಕ್ಕ ಪೇಪರ್ರು

ಭಾನುವಾರ ಬೆಳಿಗ್ಗೆ ಇಡ್ಲಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ತಂಗಿಯ ಮಗ ಬಂದ. ಮೂರನೇ ವರ್ಷದ ಎಲ್‌ಎಲ್‌ಬಿ. “ಮಾವ, ಪೇಪರ್ ಪಬ್ಲಿಷ್ ಮಾಡಿಸ್ತಿದೀನಿ. ನಿಮ್ಮ ಹೆಸರೂ ಹಾಕ್ಲಾ? ಮೂರು ಜನಕ್ಕೆ ಒಂದೇ ಫೀ, ಒಂದು ಸೀಟು ಖಾಲಿ ಇದೆ” ಅಂದ. ಮೆಜೆಸ್ಟಿಕ್‌ನಲ್ಲಿ ಟೆಂಪೊದವರು ಕೂಗುತ್ತಾರಲ್ಲ, ಅದೇ ಧಾಟಿ.

ವಿಷಯ ಏನಪ್ಪಾ ಅಂದೆ. “2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಮ್ಮತಿ: ಒಂದು ವಿಮರ್ಶಾತ್ಮಕ ಅಧ್ಯಯನ.” ನಡುವೆ ಕೋಲನ್ ಇಲ್ಲದ ಪೇಪರಿಗೆ ಈ ಲೋಕದಲ್ಲಿ ಮರ್ಯಾದೆ ಇಲ್ಲವಂತೆ. ನಾನು ಬ್ಯಾಂಕ್ ಕ್ಲಾರ್ಕಾಗಿ ರಿಟೈರ್ ಆದವನು, ಆ ಕಾಯ್ದೆಯ ಒಂದು ಸಾಲೂ ಓದಿಲ್ಲ ಮಾರಾಯ ಅಂದೆ. “ನಮ್ಮ ಸರ್ರೂ ಓದಿಲ್ಲ. ಅವರೇ ಫಸ್ಟ್ ಆಥರ್” ಅಂದ.

ಸರ್‌ಗೆ ಇದರಿಂದೇನು ಲಾಭ ಎಂದು ಕೇಳಿದ್ದಕ್ಕೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮ ತೋರಿಸಿದ. ಮೇಷ್ಟ್ರುಗಳ ನೇಮಕಾತಿ, ಬಡ್ತಿಗೆ ಪೇಪರಿನ ಅಂಕ ಎಣಿಸುತ್ತಾರಂತೆ. ಒಬ್ಬರೇ ಬರೆದರೆ ಪೇಪರಿನ ಪೂರ್ತಿ ಅಂಕ ಒಬ್ಬರಿಗೇ. ಇಬ್ಬರು ಬರೆದರೆ ತಲಾ ಶೇ 70. ಇನ್ನೂ ಹೆಚ್ಚು ಜನ ಇದ್ದರೆ ಮೊದಲಿಗನಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಮೂವತ್ತು ವರ್ಷ ಸಂಜೆ ಕೂತು ಲೆಕ್ಕ ತಾಳೆ ನೋಡಿದ ಜೀವ ನನ್ನದು, ಸುಮ್ಮನಿರಲಾಗಲಿಲ್ಲ. ಕೂಡಿ ನೋಡಿದೆ. ಇಬ್ಬರಾದರೆ ಒಟ್ಟು ಶೇ 140. ಹತ್ತು ಜನ ಒಂದು ಪೇಪರಿಗೆ ಜೋತುಬಿದ್ದರೆ ಶೇ 340! ನಮ್ಮ ಬ್ರಾಂಚಿನಲ್ಲಿ ಯಾರಾದರೂ ಹೀಗೆ ಬಡ್ಡಿ ಕೊಟ್ಟಿದ್ದರೆ ಮಾರನೇ ದಿನ ಸಸ್ಪೆಂಡ್.

ಪೇಪರ್ ಆಗಲೇ ಕಾಲೇಜಿನ ಲೈಬ್ರರಿಯ ಕೃತಿಚೌರ್ಯ ಪತ್ತೆಯ ಯಂತ್ರದೊಳಗೆ ಒಮ್ಮೆ ಹೋಗಿ ಬಂದಿತ್ತು. ಶೇ 34 ನಕಲು ಎಂದು ಕೆಂಪು ಬಳಿದುಕೊಂಡು. ಏನಾಗಿತ್ತೆಂದರೆ, ಹುಡುಗ ಕಾಯ್ದೆಯ ಸೆಕ್ಷನ್ನುಗಳನ್ನು ಕಾಯ್ದೆಯಲ್ಲಿ ಇದ್ದ ಹಾಗೇ ಬರೆದಿದ್ದ. ಕಾನೂನಿನ ಪಠ್ಯವನ್ನು ನಕಲು ಎಂದು ಎಣಿಸಬಾರದು ಅಂತ ಯುಜಿಸಿಯೇ ಹೇಳಿದೆ, ನಿಜ. ಅದು ಲೈಬ್ರರಿಯ ಯಂತ್ರಕ್ಕೆ ಗೊತ್ತಿಲ್ಲ, ಯಂತ್ರ ನಡೆಸುವವರಿಗೂ ಗೊತ್ತಿಲ್ಲ. ಶೇ 10ರ ಒಳಗೆ ತರಬೇಕು, ಅಷ್ಟರವರೆಗಿನ ನಕಲಿಗೆ ದಂಡವಿಲ್ಲ. ಈ ರಿಯಾಯಿತಿ ಬಡ ಕಳ್ಳರಿಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದವನು ಮೊದಲ ಸಲವೇ ಸಿಕ್ಕಿಬಿದ್ದು, ಮಾಲು ವಾಪಸು ಕೊಟ್ಟರೂ ಸಮುದಾಯ ಸೇವೆ ಮಾಡಬೇಕು.

ಪರಿಹಾರವಾಗಿ ಹುಡುಗ ಇಡೀ ಪೇಪರನ್ನು ಪದ ಬದಲಿಸುವ ಒಂದು ಸಾಫ್ಟ್‌ವೇರಿನ ಬಾಯಿಗೆ ಕೊಟ್ಟ. ಹೊರಬಂದದ್ದನ್ನು ನಾನೇ ಕಣ್ಣಾರೆ ಓದಿದೆ. ಕಾಯ್ದೆಯಲ್ಲಿ ‘ಫ್ರೀ ಕನ್ಸೆಂಟ್’ ಅಂದರೆ ಮುಕ್ತ ಸಮ್ಮತಿ. ಇಲ್ಲಿ ಅದು ‘ಪುಕ್ಕಟೆ ಒಪ್ಪಿಗೆ’ ಎಂಬರ್ಥದ ಇಂಗ್ಲಿಷ್ ಆಗಿತ್ತು. ಮಾಹಿತಿ ಯಾರದೋ ಅವರನ್ನು ಕಾಯ್ದೆ ‘ಡೇಟಾ ಪ್ರಿನ್ಸಿಪಾಲ್’ ಅನ್ನುತ್ತದೆ. ಪೇಪರಿನ ತುಂಬ ‘ಇನ್ಫರ್ಮೇಷನ್ ಹೆಡ್‌ಮಾಸ್ಟರ್’! ಹೆಡ್‌ಮಾಸ್ಟರ್ ತಮ್ಮ ಪುಕ್ಕಟೆ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ನಕಲು ಶೇ 6ಕ್ಕೆ ಇಳಿದಿತ್ತು. ಸರ್ ಬೆನ್ನು ತಟ್ಟಿದರಂತೆ.

ನಮ್ಮ ಹುಡುಗನೊಬ್ಬನೇ ಅಲ್ಲ ಬಿಡಿ. ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ವಿಜ್ಞಾನದ ಪೇಪರುಗಳಿಂದ ಇಂಥವನ್ನೇ ಹೆಕ್ಕಿ ತೆಗೆದರು. ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಹೋಗಿ ‘ಖೋಟಾ ಪ್ರಜ್ಞೆ’ ಆಗಿತ್ತು, ಸ್ತನ ಕ್ಯಾನ್ಸರ್ ‘ಎದೆಯ ಗಂಡಾಂತರ’ವಾಗಿತ್ತು. ಚಿತ್ರಹಿಂಸೆಗೊಳಗಾದ ಪದಗಳು ಎಂದು ಅವರು ಅವಕ್ಕೆ ಹೆಸರಿಟ್ಟರು.

ಜರ್ನಲ್ ಹೇಗಿದೆಯೋ ಎಂದೆ. “ಐಎಸ್‌ಎಸ್‌ಎನ್ ಇದೆ ಮಾವ!” ಆ ನಂಬರು ನಿಯತಕಾಲಿಕದ ಗುರುತಿಗೆ ಮಾತ್ರ, ಒಳಗೆ ಹೂರಣವಿದೆಯೋ ಹೊಟ್ಟಿದೆಯೋ ಅದು ಕೇಳುವುದಿಲ್ಲ. ದೆಹಲಿಯ ಕೇಂದ್ರದಿಂದ ಬಿಟ್ಟಿ ಸಿಗುತ್ತದೆ. ಲಾರಿಗೆ ನಂಬರ್ ಪ್ಲೇಟ್ ಇದೆ, ಆದ್ದರಿಂದ ಡ್ರೈವರ್ ಕುಡಿದಿಲ್ಲ ಅಂದಹಾಗೆ. ಪ್ರಧಾನ ಸಂಪಾದಕರು ಯಾರೋ ನಾಲ್ಕನೇ ಸೆಮಿಸ್ಟರಿನವರು. ವಿದ್ಯಾರ್ಥಿಗಳು ಸಂಪಾದಕರಾಗಬಾರದೆಂದೇನಿಲ್ಲ, ಹಾರ್ವರ್ಡ್ ಲಾ ರಿವ್ಯೂ 1887ರಿಂದ ಅವರ ಕೈಯಲ್ಲೇ ಇದೆ, 1990ರಲ್ಲಿ ಒಬಾಮ ಅದರ ಅಧ್ಯಕ್ಷರಾಗಿದ್ದರು. ಅವರು ಗೂಗಲ್ ಪೇ ಸ್ಕ್ರೀನ್‌ಶಾಟ್ ಕೇಳುತ್ತಿರಲಿಲ್ಲ ಅಷ್ಟೆ.

ಸೋಮವಾರ ರಾತ್ರಿ ಕಳಿಸಿದ್ದು, ಬುಧವಾರ ಬೆಳಿಗ್ಗೆ ಇಬ್ಬರು ತಜ್ಞರ ಪರಿಶೀಲನೆ ಮುಗಿದಿತ್ತು. ಹೆಡ್‌ಮಾಸ್ಟರ್ ಬಗ್ಗೆ ಅವರಿಗೆ ತಕರಾರಿಲ್ಲ. ಮಾರ್ಜಿನ್ ಒಂದಿಂಚು ಬಿಡಿ, 1,500 ರೂಪಾಯಿ ಕಟ್ಟಿ. ಸರ್ಟಿಫಿಕೇಟಿನ ಮುದ್ರಿತ ಪ್ರತಿ ಬೇಕಿದ್ದರೆ ಕೊರಿಯರ್ ಖರ್ಚು ಬೇರೆ.

ಇದನ್ನೆಲ್ಲ ಸೋಸಲಿಕ್ಕೆ ಯುಜಿಸಿ ಹೊರಟಿದ್ದೂ ಹೌದು. ತಾನೇ ಅನುಮೋದಿಸಿದ್ದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಜರ್ನಲ್ ಕಿತ್ತುಹಾಕಿತು. ಆಮೇಲೆ ‘ಕೇರ್’ ಎಂಬ ಹೊಸ ಪಟ್ಟಿ ಮಾಡಿತು. 2025ರ ಫೆಬ್ರುವರಿಯಲ್ಲಿ ಆ ಪಟ್ಟಿಯೂ ಬೇಡ, ಯಾವ ಜರ್ನಲ್ ಒಳ್ಳೆಯದೆಂದು ಆಯಾ ಸಂಸ್ಥೆಗಳೇ ತೀರ್ಮಾನಿಸಿಕೊಳ್ಳಲಿ ಅಂತ ಕೈತೊಳೆದುಕೊಂಡಿತು. ಹುಡುಗನ ಕಾಲೇಜಿನಲ್ಲಿ ಇದಕ್ಕೊಂದು ಸಮಿತಿ ಆಗಿದೆ. ಅಧ್ಯಕ್ಷರು ನಮ್ಮ ಫಸ್ಟ್ ಆಥರ್.

ಪೇಪರ್ ಪ್ರಕಟವಾಯಿತು, ಖಾಲಿ ಸೀಟಿನಲ್ಲಿ ನನ್ನ ಹೆಸರೂ ಕೂತಿತ್ತು. ತಂಗಿ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿ ದೇವರ ಮನೆ ಪಕ್ಕ ತೂಗುಹಾಕಿದ್ದಾಳೆ. ನನ್ನ ಫೋನು ಮಾತ್ರ ಅಂದಿನಿಂದ ಸುಮ್ಮನೆ ಕೂತಿಲ್ಲ. ಜರ್ನಲ್‌ನವರ ಫಾರ್ಮಿನಲ್ಲಿ ಹುಡುಗ ನನ್ನ ನಂಬರು, ಇಮೇಲು ತುಂಬಿದ್ದ, ಅದು ಊರೆಲ್ಲ ಸುತ್ತಿದೆ. ದಿನಕ್ಕೆ ಏಳೆಂಟು ಮೆಸೇಜು: ಬ್ಯಾಂಕಾಕ್ ಸಮ್ಮೇಳನ, ವರ್ಷದ ಶ್ರೇಷ್ಠ ಸಂಶೋಧಕ ಪ್ರಶಸ್ತಿ, ಪುಸ್ತಕದಲ್ಲಿ ಅಧ್ಯಾಯ. ನಿನ್ನೆ ಬಂದದ್ದು ನನ್ನನ್ನು ‘ಡಾಕ್ಟರ್’ ಅಂತ ಸಂಬೋಧಿಸಿ, ಒಂದು ಮೀನುಗಾರಿಕೆ ಜರ್ನಲ್ಲಿನ ಸಂಪಾದಕ ಮಂಡಳಿಗೆ ಕರೆದಿತ್ತು.

ನಮ್ಮ ಪೇಪರ್ ಇದರ ಬಗ್ಗೆಯೇ ಅಲ್ಲವೇನೋ, ನನ್ನ ಸಮ್ಮತಿ ಯಾರು ತಗೊಂಡರು ಎಂದು ಫೋನಿನಲ್ಲೇ ರೇಗಿದೆ. ಹುಡುಗ ಪೂರ್ತಿ ಕೇಳಿಸಿಕೊಳ್ಳಲಿಲ್ಲ.

“ಮೀನಿನದ್ದು ಬಿಡಬೇಡಿ ಮಾವ. ಎಷ್ಟು ಫೀ ಅಂತೆ?”