ಬಡವರ ಹಕ್ಕಿಗೆ ಚಿನ್ನದ ಬೆಲೆ

ಯೆಹೂದಿಗಳು ಪಾಲಿಸುತ್ತಿದ್ದ ಮೋಶೆಯ ಕಾನೂನಿನಲ್ಲಿ ಬಡವರಿಗೆ ಒಳ್ಳೇ ರಿಯಾಯಿತಿ ಇತ್ತು. ಬೈಬಲಿನ ಯಾಜಕಕಾಂಡ ತೆರೆದರೆ ದರಪಟ್ಟಿಯೇ ಸಿಗುತ್ತದೆ. ಕೆಲವು ತಪ್ಪುಗಳ ಪರಿಹಾರಕ್ಕೆ ಹೆಣ್ಣು ಕುರಿ ಇಲ್ಲವೇ ಮೇಕೆ. ಕೈಲಾಗದಿದ್ದರೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ. ಅದಕ್ಕೂ ಗತಿಯಿಲ್ಲವೇ? ಏಫಾದ ಹತ್ತನೇ ಒಂದು ಪಾಲು ಹಿಟ್ಟು, ಅಂದರೆ ಸುಮಾರು 2 ಲೀಟರ್ ಅಳತೆ. ಎಣ್ಣೆ ಬೇಡ, ಧೂಪ ಬೇಡ. ತಹಸೀಲ್ದಾರರ ಸೀಲು ಬಿದ್ದ ಆದಾಯ ಪ್ರಮಾಣಪತ್ರವಂತೂ ಬೇಡವೇ ಬೇಡ. ಎಂಥಾ ಹಿಂದುಳಿದ ಕಾಲ, ಅಲ್ವಾ?

ಹೆರಿಗೆಯ ನಂತರದ ಶುದ್ಧಿಗೆ ಬಾಣಂತಿ ಒಂದು ಕುರಿಮರಿ, ಒಂದು ಹಕ್ಕಿ ತರಬೇಕು. ಬಡವಳಾದರೆ ಎರಡು ಹಕ್ಕಿ ಸಾಕು. ಯೇಸು ಹುಟ್ಟಿದಾಗ ಮರಿಯಳ ಮನೆಯವರು ಪಾಲಿಸಿದ್ದೂ ಹಕ್ಕಿ ಜೋಡಿಯ ನಿಯಮವನ್ನೇ ಎನ್ನುತ್ತಾನೆ ಸುವಾರ್ತೆ ಬರೆದ ಲೂಕ. ಆದರೆ ಬಾಣಂತಿಗೆ ಹಿಟ್ಟಿನ ವಿನಾಯಿತಿ ಇಲ್ಲ. ಹಕ್ಕಿ ಕೊಳ್ಳಲೇಬೇಕು. ಈ ಬಲಿಗಳು ನಡೆಯುತ್ತಿದ್ದ ದೇವಾಲಯದ ಊರು ಯೆರೂಸಲೇಮಿನ ವ್ಯಾಪಾರಿಗಳು ಕಾನೂನಿನ ಈ ಭಾಗವನ್ನು ಭಕ್ತಿಯಿಂದ ಓದಿಕೊಂಡಿರಬೇಕು.

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದಿ ಕಾನೂನಿನ ಸಂಗ್ರಹ ಮಿಶ್ನಾದಲ್ಲಿ ಮುಂದಿನ ಕಥೆ ಇದೆ. ಒಮ್ಮೆ ಹಕ್ಕಿ ಜೋಡಿಯ ಬೆಲೆ ಚಿನ್ನದ ದಿನಾರಿಗೆ ಏರಿತು. ಒಂದು ಚಿನ್ನದ ದಿನಾರ್ ಅಂದರೆ 25 ಬೆಳ್ಳಿ ದಿನಾರ್. ಒಂದು ಬೆಳ್ಳಿ ದಿನಾರ್ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ಬಡವರಿಗೆಂದೇ ಇಟ್ಟ ಹಕ್ಕಿ ತಿಂಗಳ ಕೂಲಿಯನ್ನೇ ನುಂಗಿತು. ಕಾಣಿಕೆ ಕೊಡದೆ ಬಲಿಯ ಊಟಕ್ಕೆ ಕೂರುವ ಹಾಗಿಲ್ಲ. ಐದು ಹೆತ್ತು ಕಾಣಿಕೆ ಕೊಡದೆ ಉಳಿದವಳ ತಲೆ ಮೇಲೆ ಐದು ಜೋಡಿ ಬಾಕಿ. ಹಾಗಂತ ರಿಯಾಯಿತಿಯನ್ನು ಯಾರೂ ರದ್ದು ಮಾಡಿರಲಿಲ್ಲ ಮತ್ತೆ! ಕಾನೂನಿನ ಒಂದಕ್ಷರವೂ ಬದಲಾಗಿರಲಿಲ್ಲ.

ಆಗ ಯೆಹೂದಿ ಧರ್ಮಗುರು ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್ ದೇವಾಲಯದ ಮೇಲೆ ಆಣೆ ಇಟ್ಟರು. ಜೋಡಿಯ ಬೆಲೆ ಒಂದು ಬೆಳ್ಳಿ ದಿನಾರಿಗೆ ಇಳಿಯದೆ ಈ ರಾತ್ರಿ ಮಲಗುವುದಿಲ್ಲ ಎಂದರು. ಸಮಿತಿ ಮಾಡಲಿಲ್ಲ, ವರದಿ ಕೇಳಲಿಲ್ಲ, ಹಕ್ಕಿ ಅಂಗಡಿಗೆ ಕಾಲಿಟ್ಟ ಸುದ್ದಿಯೂ ಇಲ್ಲ. ನೇರ ನ್ಯಾಯಸಭೆಗೆ ಹೋಗಿ ಹೊಸ ಪಾಠ ಹೇಳಿದರು: ಐದು ಹೆತ್ತವಳು ಒಂದೇ ಜೋಡಿ ಕೊಟ್ಟರೆ ಸಾಕು, ಉಳಿದ ನಾಲ್ಕರ ಬಾಕಿ ಇಲ್ಲ.

ಗಿರಾಕಿ ಕಡಿಮೆಯಾದರು. ಅದೇ ದಿನ ಬೆಲೆ ಶಿಮೋನ್ ಕೇಳಿದ್ದಕ್ಕಿಂತಲೂ ಕೆಳಗಿಳಿಯಿತು. ಬೆಳಿಗ್ಗೆ "ನಮಗೇ ಗಿಟ್ಟಲ್ಲ ತಾಯಿ" ಅಂದಿರಬಹುದಾದ ವ್ಯಾಪಾರಿಗಳಿಗೆ ಸಂಜೆ ಹೊತ್ತಿಗೆ ಅದು ಹೇಗೆ ಗಿಟ್ಟಿತೋ, ಮಿಶ್ನಾ ಹೇಳುವುದಿಲ್ಲ.